ತಿದ್ದುಪಡಿ

ಹೆಸರು ತಪ್ಪಾದರೆ ತಿದ್ದುತ್ತಿದ್ದೆವು.
ಅಂಕ ತಪ್ಪಾದರೆ, ಊರು ತಪ್ಪಾದರೆ,
ಬದುಕಿದ್ದವರ ಹೆಸರಿನ ಮುಂದೆ ‘ದಿವಂಗತ’ ಬಿದ್ದರೆ
ಮರುದಿನ ಮೂರನೇ ಪುಟದ ಮೂಲೆಯಲ್ಲಿ
ಎರಡು ಸಾಲು, ವಿಷಾದ.
ಗುಣವಾಚಕಕ್ಕೆ ಮಾತ್ರ
ಇಪ್ಪತ್ತೆರಡು ವರ್ಷದಲ್ಲಿ ಒಂದು ತಿದ್ದುಪಡಿಯೂ
ಹೋಗಲಿಲ್ಲ ನನ್ನ ಕಡೆಯಿಂದ.

ಕಾರವಾರ, ಮಾಲಾದೇವಿ ಮೈದಾನ, ಜನವರಿ.
ಹೊನಲು ಬೆಳಕಿನ ವಾಲಿಬಾಲ್.
ಬಲ್ಬಿಗೆ ಮುತ್ತಿದ ಹುಳ. ಕಡಲ ಗಾಳಿಗೆ
ಎತ್ತರ ಹೊಡೆದ ಸರ್ವು ತೆಂಕಕ್ಕೆ ವಾಲುತ್ತಿತ್ತು.
ಯಲ್ಲಾಪುರದ ಕಡೆಯ ತಂಡ ಸಂಜೆ ಬಸ್ಸಿಗೆ ಬಂದು
ಸ್ಟ್ಯಾಂಡಿನ ಕಟ್ಟೆಯ ಮೇಲೇ ಅವಲಕ್ಕಿ ತಿಂದು
ಕಾಲು ಕೊಡವಿ ಅಂಗಳಕ್ಕಿಳಿದಿತ್ತು.
ಅದರ ಸೆಟ್ಟರ್, ಬಸ್ತ್ಯಾಂವ ಸಿದ್ದಿ.

ಸೆಟ್ಟರ್ ಅಂದರೆ ಗೊತ್ತಲ್ಲ,
ಹೊಡೆಯುವವನಲ್ಲ, ಹೊಡೆಸುವವನು.
ಚೆಂಡು ಅವನ ಹತ್ತು ಬೆರಳ ತುದಿಯಲ್ಲಿ
ಒಂದು ಚಣ ಯೋಚಿಸಿ
ಆಮೇಲೆ ಹೊರಡುತ್ತದೆ.
ಎದುರಿನ ಇಬ್ಬರು ಎಡಕ್ಕೆ ಎಗರಿ ಕೈ ಚಾಚಿದಾಗ
ಅದು ಬಲಕ್ಕೆ ಹೋಗಿ ಬಹಳ ಹೊತ್ತಾಗಿರುತ್ತದೆ.

ಮೈಕು ಕೂಗಿತು:
“ಕಾಡಿನ ಕಸುವು ಬಂಧುಗಳೇ! ರಕ್ತದಲ್ಲೇ ಬಂದದ್ದು!”
ಆಚೆ ಬದಿಯ ಉಲ್ಲಾಸ ನಾಡಕರ್ಣಿ ಅದೇ ಪಾಸು ಕೊಟ್ಟರೆ
ಮೈಕಿನ ದನಿ ಇಳಿಯುತ್ತಿತ್ತು, ಗಣಿತದ ಮಾಸ್ತರರ ಹಾಗೆ:
“ತಲೆ. ಇದಕ್ಕೆ ತಲೆ ಬೇಕು.”

ನಾಲ್ಕನೇ ಸೆಟ್ಟಿನಲ್ಲಿ ಗೆರೆಯ ಮೇಲೆ ಬಿದ್ದ ಚೆಂಡು
ಔಟ್ ಅಂದರು.
ಬಸ್ತ್ಯಾಂವ ಸೊಂಟದ ಮೇಲೆ ಕೈಯಿಟ್ಟು ನಿಂತ, ಅಷ್ಟೇ,
ಗೆರೆಯನ್ನೇ ನೋಡುತ್ತ.
ಹಳದಿ ಕಾರ್ಡು.
ಅದಕ್ಕೂ ಮುಂಚೆ ಉಲ್ಲಾಸ ರೆಫ್ರಿಯ ಏಣಿ ಹಿಡಿದು ಅಲುಗಿಸಿದ್ದ.
ಅದಕ್ಕೆ ನಾನು ಕೊಟ್ಟ ಹೆಸರು, ಗೆಲುವಿನ ಹಸಿವು.
ಮೆಟ್ಟಿಲ ಕಡೆಯಿಂದ ಯಾರೋ ಮಂಗನ ಹಾಗೆ ಕೂಗಿದರು.
ಪಕ್ಕದವರು ನಕ್ಕರು. ನಾನು ಚಹಾ ಕುಡಿಯುತ್ತಿದ್ದೆ.
ಅದನ್ನು ಬರೆಯಲಿಲ್ಲ, ಜಾಗ ಇರಲಿಲ್ಲ.
‘ಮುಂಗೋಪ’ ಎಂದು ಬರೆಯಲು ಇತ್ತು.

ಇಗೋ, ಕತ್ತರಿಸಿಟ್ಟ ತುಂಡು, ಅಂಟು ಕಂದಿದೆ:
“ಚಿರತೆಯಂತೆ ನೆಗೆದ ಬಸ್ತ್ಯಾಂವ, ಹುಟ್ಟುಬಲದಿಂದ…”
ಹೊಗಳುತ್ತಿದ್ದೇನೆ ಅಂದುಕೊಂಡೇ ಬರೆದೆ.
ಕೈ ನಡುಗಲಿಲ್ಲ.

ಮೇ ತಿಂಗಳಲ್ಲಿ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ.
“ಚಂದ ಬರದ್ರಿ ಸರ. ಅವ್ವ ಗ್ವಾಡಿಗೆ ಅಂಟಿಸ್ಯಾಳ.
ಒಂದ ಮಾತು.
ಅವತ್ತ ನಾ ಜಿಗದ ಇಲ್ಲ.
ಮೊಣಕಾಲು ಬಾತಿತ್ತು. ನೆಲ ಬಿಟ್ಟಿದ್ದ ಇಲ್ಲ.”
ನಕ್ಕ. ಅಷ್ಟರಲ್ಲಿ ಕಾರವಾರದ ಬಸ್ಸು ಬಂತು, ಜನ ಮುತ್ತಿದರು.
ನನ್ನ ಹೆಗಲಿನ ಟವೆಲ್ಲು ಎಳೆದುಕೊಂಡು
ಚಲಿಸುವ ಕಿಟಕಿಯೊಳಗೆ ತೂರಿದ.
ಹತ್ತಿ ನೋಡಿದರೆ ಮೂರನೇ ಸೀಟು,
ಕಿಟಕಿ ಪಕ್ಕ, ಮಡಿಕೆ ಬಿಚ್ಚದೆ ಕೂತಿತ್ತು.

ಹಾರವಾಡ ದಾಟುವವರೆಗೆ ಅದನ್ನು ಎತ್ತಲಿಲ್ಲ,
ತುದಿಯಲ್ಲೇ ಕೂತೆ.
ಐದು ಸೆಟ್ಟು, ಅವನಿಂದ ಹತ್ತು ಮಾರು ದೂರ,
ಕನ್ನಡಕ ಹಾಕಿಕೊಂಡು ಕೂತಿದ್ದವನು ನಾನು.
ಆ ಚಿರತೆಯನ್ನು ಎಲ್ಲಿಂದ ಹಿಡಿದು ತಂದೆ?

ಪತ್ರಿಕೆ ನಿಂತು ಹನ್ನೊಂದು ವರ್ಷವಾಯಿತು.
ಎಲ್ಲಿಗೆ ಕಳಿಸಲಿ ಗೊತ್ತಿಲ್ಲ, ಆದರೂ,
‘ನೆಗೆದ’ ಎಂದಿದ್ದಲ್ಲಿ
‘ಯೋಚಿಸಿದ’ ಎಂದು ಓದಿಕೊಳ್ಳಿ.

ಕಿರವತ್ತಿಯ ಆಚೆ ಒಂದು ಮಣ್ಣಗೋಡೆಯಿದೆ.
ಪ್ರತಿ ದೀಪಾವಳಿಗೆ ಸುಣ್ಣ ಬಳಿಯುವಾಗ
ಒಬ್ಬ ತಾಯಿ ಆ ಕಾಗದದ ಸುತ್ತ ಮಾತ್ರ
ಕುಂಚ ತಿರುಗಿಸುತ್ತಾಳಂತೆ.